ಹಳೆಯ ಪುಅರ್ ಬಿಲ್ಲೆ: ಒಡೆಯುವುದು ಹೇಗೆ, ಕುಡಿಯುವುದು ಹೇಗೆ

ಮೊದಲ ಸಲ ಇದನ್ನು ಮನೆಗೆ ತಂದಾಗ ಅಮ್ಮ ಕಾಗದ ಬಿಚ್ಚಿ ನೋಡಿ, "ಇದೇನೋ, ಬೆರಣಿ ತಂದಿದ್ದೀಯಾ?" ಅಂದಿದ್ದಳು. ಅವಳದೇನೂ ತಪ್ಪಿಲ್ಲ. ಒಂದು ಗೇಣು ಅಗಲದ ದುಂಡನೆಯ ಬಿಲ್ಲೆ, ಕಂದು ಬಣ್ಣ, ಅಲ್ಲಲ್ಲಿ ಎದ್ದು ಕಾಣುವ ಎಲೆ, ಕಡ್ಡಿ. ಹಿಂಬದಿಯಲ್ಲಿ ಒಂದು ಗುಳಿ ಬೇರೆ. ಇದು ಇಪ್ಪತ್ತು ವರ್ಷ ಹಳೆಯ ಟೀ, ಹಳೆಯದಾಗಿರುವುದಕ್ಕೇ ಬೆಲೆ ಜಾಸ್ತಿ ಎಂದು ಹೇಳಿದಾಗ ಅಮ್ಮ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಚೀನಾದ ನೈಋತ್ಯ ಮೂಲೆಯ ಯುನ್ನಾನ್ ಪ್ರಾಂತ್ಯದ ಪುಅರ್ ಟೀ ಇದು. ಯಾರೋ ಉಡುಗೊರೆ ಕೊಟ್ಟಿರಬಹುದು, ನೀವೇ ಗ್ವಾಂಗ್‌ಝೌಗೆ ವ್ಯಾಪಾರಕ್ಕೆ ಹೋದಾಗ ತಂದಿರಬಹುದು, ಇಲ್ಲವೇ ಆನ್‌ಲೈನಿನಲ್ಲಿ ತರಿಸಿರಬಹುದು. ಈಗ ಅದನ್ನು ಏನು ಮಾಡುವುದು ಎಂದು ತಿಳಿಯದೆ ಕಪಾಟಿನಲ್ಲಿ ಇಟ್ಟಿದ್ದರೆ ಈ ಬರಹ ನಿಮಗಾಗಿ. ಹಾಲು, ಸಕ್ಕರೆ ಹಾಕಿ ಕುದಿಸಬೇಡಿ, ಅಷ್ಟು ಮಾತ್ರ ಈಗಲೇ ಹೇಳಿಬಿಡುತ್ತೇನೆ.

ಹಸಿ ಯಾವುದು, ಮಾಗಿಸಿದ್ದು ಯಾವುದು

ಪುಅರ್‌ನಲ್ಲಿ ಎರಡು ಬಗೆ. ಶೆಂಗ್ ಅಂದರೆ ಹಸಿ. ಶೌ ಅಂದರೆ ಮಾಗಿಸಿದ್ದು. (ಶೆಂಗ್‌ಗೂ ನಮ್ಮ ಶೇಂಗಾಕ್ಕೂ ಸಂಬಂಧವಿಲ್ಲ. ಆದರೆ ಈ ಟೀ ಜೊತೆ ಹುರಿದ ಶೇಂಗಾ ಬಹಳ ರುಚಿ.) ಇಲ್ಲಿ ಹೇಳುತ್ತಿರುವುದು ಹಸಿ ಬಗೆಯದ್ದು.

ಯುನ್ನಾನಿನ ದೊಡ್ಡ ಎಲೆಯ ಟೀ ಗಿಡವೂ ನಮ್ಮ ಅಸ್ಸಾಮಿನ ಗಿಡವೂ ಒಂದೇ ಕುಲದವು. ಕೊಯ್ದ ಎಲೆಯನ್ನು ಸ್ವಲ್ಪ ಬಾಡಿಸುತ್ತಾರೆ. ಆಮೇಲೆ ದೊಡ್ಡ ಬಾಣಲೆಯಲ್ಲಿ ಕೈಯಾಡಿಸುತ್ತಾ ಹುರಿದು, ಹೊಸೆದು, ಬಿಸಿಲಿಗೆ ಹರಡುತ್ತಾರೆ. ಗುಟ್ಟು ಇರುವುದು ಇಲ್ಲೇ. ಗ್ರೀನ್ ಟೀಯಷ್ಟು ಜೋರಾಗಿ ಬಿಸಿ ಮಾಡುವುದಿಲ್ಲ, ಒಣಗಿಸುವುದೂ ಬಿಸಿಲಿನಲ್ಲಿ. ಹಾಗಾಗಿ ಎಲೆಯ ಜೀವ ಪೂರ್ತಿ ಹೋಗಿರುವುದಿಲ್ಲ. ಗಾಳಿ, ತೇವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸೇರಿ ವರ್ಷಗಟ್ಟಲೆ ಅದನ್ನು ನಿಧಾನಕ್ಕೆ ಬದಲಾಯಿಸುತ್ತಲೇ ಇರುತ್ತವೆ.

ಒಣಗಿದ ಎಲೆಯನ್ನು ಕೆಲವೇ ಸೆಕೆಂಡು ಆವಿಗೆ ಹಿಡಿದು, ಮೆತ್ತಗಾದ ಕೂಡಲೇ ಬಟ್ಟೆಯ ಚೀಲದಲ್ಲಿ ತುಂಬಿ, ಚೀಲದ ಬಾಯಿ ತಿರುಚಿ, ಮೇಲೆ ಕಲ್ಲಿನ ಅಚ್ಚು ಇಟ್ಟು ಒತ್ತುತ್ತಾರೆ. ಬಿಲ್ಲೆಯ ಹಿಂದಿನ ಗುಳಿ ಆ ಬಟ್ಟೆಯ ಗಂಟಿನ ಗುರುತು. ಒಂದು ಬಿಲ್ಲೆ ಸಾಮಾನ್ಯವಾಗಿ 357 ಗ್ರಾಂ. ಏಳು ಬಿಲ್ಲೆ ಒಂದರ ಮೇಲೊಂದು ಜೋಡಿಸಿ ಬಿದಿರಿನ ಹಾಳೆಯಲ್ಲಿ ಸುತ್ತಿದರೆ ಸರಿಸುಮಾರು ಎರಡೂವರೆ ಕಿಲೋ. ಹೀಗೆ ಒತ್ತಿದರೆ ಹೇಸರಗತ್ತೆಯ ಬೆನ್ನಿಗೆ ಹೇರುವುದು ಸುಲಭ. ಯುನ್ನಾನ್‌ನಿಂದ ಟಿಬೆಟ್‌ಗೆ ಬೆಟ್ಟದ ದಾರಿಯಲ್ಲಿ ಟೀ ಸಾಗುತ್ತಿದ್ದ ಕಾಲದ ಅಭ್ಯಾಸ ಇದು. ಬೈಲಕುಪ್ಪೆಯಲ್ಲಿ ಉಪ್ಪು, ಬೆಣ್ಣೆ ಹಾಕಿದ ಟೀ ಕುಡಿದಿದ್ದೀರಾ? ಟಿಬೆಟಿನವರು ಅದಕ್ಕೆ ಹಿಂದಿನಿಂದಲೂ ಬಳಸುತ್ತಿದ್ದದ್ದು ಹೀಗೇ ಒತ್ತಿದ ಇಟ್ಟಿಗೆ ಟೀಯನ್ನು. ನಮ್ಮ ಈಶಾನ್ಯದಲ್ಲೂ ಇದಕ್ಕೊಬ್ಬ ನೆಂಟ ಇದ್ದಾನೆ. ಅಸ್ಸಾಂ, ಅರುಣಾಚಲದ ಸಿಂಗ್ಫೋ ಜನ ಟೀ ಎಲೆಯನ್ನು ಬಿದಿರಿನ ಕೊಳವೆಯಲ್ಲಿ ಗಿಡಿದು, ಒಲೆಯ ಹೊಗೆಗೆ ಇಟ್ಟು, ಬೇಕಾದಾಗ ಚೂರು ಕತ್ತರಿಸಿ ಕುಡಿಯುತ್ತಾರೆ. ಅದರ ಹೆಸರು ಫಲಾಪ್.

ಹೊಸ ಹಸಿ ಟೀ ಕಹಿ, ಚೊಗರು. ಅದು ಪಳಗುವವರೆಗೆ ಕಾಯಲು ಎಲ್ಲರಿಗೂ ಪುರುಸೊತ್ತು ಇಲ್ಲವಲ್ಲ. ಅದಕ್ಕೇ 1970ರ ದಶಕದ ಮೊದಲ ವರ್ಷಗಳಲ್ಲಿ ಯುನ್ನಾನಿನ ರಾಜಧಾನಿ ಕುನ್ಮಿಂಗ್‌ನ ಟೀ ಕಾರ್ಖಾನೆಯಲ್ಲಿ ಒಂದು ಅಡ್ಡದಾರಿ ಹುಡುಕಿದರು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮುಚ್ಚಿಟ್ಟು, ಆಗಾಗ ಮಗುಚಿ, ಒಂದೂವರೆ ಎರಡು ತಿಂಗಳಲ್ಲೇ ಕಪ್ಪಗೆ ಮಾಗಿಸುವುದು. ಅದೇ ಶೌ. ನಿಮ್ಮ ಕೈಯಲ್ಲಿ ಇರುವುದು ಯಾವುದು ಎಂದು ತಿಳಿಯಲು ಒಂದು ಚೂರು ನೆನೆಸಿ ನೋಡಿ. ಶೌ ಟೀಯ ನೀರು ಮೊದಲ ಸಲವೇ ಫಿಲ್ಟರ್ ಡಿಕಾಕ್ಷನ್ ಥರ ಕಪ್ಪಾಗುತ್ತದೆ, ಎಲೆಯೂ ಕಪ್ಪು. ಹಳೆಯ ಹಸಿ ಟೀಯ ನೀರು ಜೇನು ಬಣ್ಣದಿಂದ ಕೆಂಪು-ಕಂದು ಬಣ್ಣದವರೆಗೆ ಇರುತ್ತದೆ, ತಿಳಿಯಾಗಿರುತ್ತದೆ. ನೆನೆದ ಎಲೆ ಬೆರಳಲ್ಲಿ ಬಿಡಿಸಿದರೆ ಹಿಟ್ಟಾಗುವುದಿಲ್ಲ, ಇನ್ನೂ ಎಲೆಯಾಗಿಯೇ ಹರಡಿಕೊಳ್ಳುತ್ತದೆ.

ಕೊಳ್ಳುವಾಗ ವರ್ಷ ಕೇಳುವ ಮೊದಲು ಊರು ಕೇಳಿ

ಎಲ್ಲರೂ ಮೊದಲು ಕೇಳುವುದು "ಎಷ್ಟು ವರ್ಷದ್ದು?" ಅಂತ. ನಾನೂ ಹಾಗೇ ಕೇಳಿ ಮೋಸ ಹೋದವನು. ಗ್ವಾಂಗ್‌ಝೌನ ಫಾಂಗ್‌ತ್ಸುನ್‌ನಲ್ಲಿ ಬೀದಿಗಟ್ಟಲೆ ಟೀ ಅಂಗಡಿಗಳೇ ಇರುವ ದೊಡ್ಡ ಮಾರುಕಟ್ಟೆ ಇದೆ. ಅಲ್ಲಿ ಒಬ್ಬರು ಮೂವತ್ತು ವರ್ಷದ್ದು ಎಂದು ಹೇಳಿ ಕೊಟ್ಟ ಬಿಲ್ಲೆಯ ಕಾಗದ ಹಳದಿಯಾಗಿತ್ತು, ಹುಳ ತಿಂದ ತೂತೂ ಇತ್ತು. ಮನೆಗೆ ತಂದು ಕುದಿನೀರು ಹಾಕಿದರೆ ಬರೀ ಮುಗ್ಗಲು ವಾಸನೆ. ಕಾಗದವನ್ನು ಹಳೆಯದು ಮಾಡುವುದು ಟೀಯನ್ನು ಹಳೆಯದು ಮಾಡುವುದಕ್ಕಿಂತ ಎಷ್ಟೋ ಸುಲಭ ಎಂದು ಆಮೇಲೆ ಗೊತ್ತಾಯಿತು.

ಈಗ ನಾನು ಮೊದಲು ಕೇಳುವುದು "ಎಲ್ಲಿ ಇಟ್ಟಿದ್ದರು?" ಎಂದು. ಒಂದೇ ದಿನ ಒತ್ತಿದ ಎರಡು ಬಿಲ್ಲೆಗಳಲ್ಲಿ ಒಂದು ಕುನ್ಮಿಂಗ್‌ನಲ್ಲಿ, ಇನ್ನೊಂದು ಹಾಂಗ್‌ಕಾಂಗ್‌ನಲ್ಲಿ ಇಪ್ಪತ್ತು ವರ್ಷ ಕಳೆದರೆ ಅವು ಎರಡು ಬೇರೆ ಟೀ. ಕುನ್ಮಿಂಗ್ ಎತ್ತರದ ಊರು, ತಂಪು, ಒಣ ಗಾಳಿ. ಅಲ್ಲಿನ ಟೀ ನಿಧಾನಕ್ಕೆ ಬದಲಾಗುತ್ತದೆ, ಹೂವಿನ ಪರಿಮಳ ಬಹಳ ಕಾಲ ಉಳಿಯುತ್ತದೆ, ಕಹಿಯೂ ಉಳಿಯುತ್ತದೆ. ಹಾಂಗ್‌ಕಾಂಗ್, ಗ್ವಾಂಗ್‌ಡಾಂಗ್ ಕಡೆ ಸೆಕೆ, ತೇವ. ಅಲ್ಲಿನ ಟೀ ಬೇಗ ಕೆಂಪಾಗಿ, ರುಚಿ ನುಣುಪಾಗಿ, ಮಣ್ಣು, ಮರ, ಕರ್ಪೂರದ ವಾಸನೆ ಹಿಡಿಯುತ್ತದೆ. ಹಾಂಗ್‌ಕಾಂಗ್‌ನಲ್ಲಿ ಬೇಕೆಂದೇ ತೇವದ ನೆಲಮಾಳಿಗೆಯಲ್ಲಿಟ್ಟು ಬೇಗ ಮಾಗಿಸುವ ರೂಢಿಯೂ ಇತ್ತು. ಅಲ್ಲಿನ ಡಿಮ್‌ಸಮ್ ಹೋಟೆಲುಗಳಲ್ಲಿ ಇವತ್ತಿಗೂ "ಬೊ ಲೇ" ಅಂದರೆ ಇದೇ ಪುಅರ್ ತಂದುಕೊಡುತ್ತಾರೆ. ತೇವದಲ್ಲಿ ಇಟ್ಟ ಟೀ ಕೆಟ್ಟದ್ದು ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತೇವ ಮಿತಿಯಲ್ಲಿದ್ದು, ಆಮೇಲೆ ಕೆಲವು ವರ್ಷ ಗಾಳಿಯಾಡುವ ಕಡೆ ಇಟ್ಟಿದ್ದರೆ ಬಹಳ ಸೊಗಸಾದ ಟೀ ಆಗುತ್ತದೆ. ಆದರೆ ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ.

ಕಾಗದದ ಮೇಲೆ 7542 ಥರದ ಅಂಕಿ ಇದ್ದರೆ ಅದು ತಯಾರಾದ ವರ್ಷವಲ್ಲ, ಮಿಶ್ರಣದ ಗುರುತು. ಮೊದಲ ಎರಡು ಅಂಕಿ ಆ ಮಿಶ್ರಣ ರೂಪಿಸಿದ ವರ್ಷ, ಅಂದರೆ 1975. ಮೂರನೆಯದು ಎಲೆಯ ದರ್ಜೆ. ಕೊನೆಯದು ಕಾರ್ಖಾನೆ: 1 ಕುನ್ಮಿಂಗ್, 2 ಮೆಂಗ್‌ಹಾಯ್, 3 ಶಿಯಾಗ್ವಾನ್. ಮೆಂಗ್‌ಹಾಯ್ ಕಾರ್ಖಾನೆ 7542 ಮಿಶ್ರಣವನ್ನು ಇವತ್ತಿಗೂ ಮಾಡುತ್ತದೆ. ಹಾಗಾಗಿ "7542, ಅಂದರೆ 1975ರ ಟೀ" ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹಾಕಿ ಹೊರಗೆ ಬನ್ನಿ.

ತುಂಬಾ ಹಳೆಯ, ಹೆಸರಾದ ಬಿಲ್ಲೆಗಳು ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತವೆ. ಅದು ಕುಡಿಯುವವರ ಲೋಕವಲ್ಲ, ಚಿನ್ನ ಕೊಳ್ಳುವವರ ಲೋಕ. 2007ರಲ್ಲಿ ಪುಅರ್ ಬೆಲೆ ಹುಚ್ಚಾಪಟ್ಟೆ ಏರಿ ದಿಢೀರನೆ ಕುಸಿದು, ಟೀಯನ್ನು ಷೇರಿನಂತೆ ಕೊಂಡವರು ಕೈ ಸುಟ್ಟುಕೊಂಡರು. ನಮಗೆ 12ರಿಂದ 20 ವರ್ಷದ, ಹೆಸರಿಲ್ಲದಿದ್ದರೂ ಒಳ್ಳೆಯ ಕಡೆ ಇಟ್ಟಿದ್ದ ಟೀ ಸಾಕು. ಇಡೀ ಬಿಲ್ಲೆ ಕೊಳ್ಳುವ ಮೊದಲು 10 ಅಥವಾ 20 ಗ್ರಾಂ ಮಾದರಿ ತರಿಸಿ. ಮಾದರಿ ಕೊಡಲು ಒಪ್ಪದವರ ಹತ್ತಿರ ಹಳೆ ಟೀ ಕೊಳ್ಳಬೇಡಿ. ತೂಕ ಇಳಿಯುತ್ತೆ, ಕೊಲೆಸ್ಟರಾಲ್ ಕರಗುತ್ತೆ ಎಂದು ಮಾರುವವರ ಹತ್ತಿರವೂ ಬೇಡ.

ಒಡೆಯುವುದು

ಬಿಲ್ಲೆ ದೂರದಿಂದ ಬಂದಿದ್ದರೆ ಮೊದಲ ದಿನವೇ ಕುಡಿಯಬೇಡಿ. ಒಂದೆರಡು ವಾರ ನಿಮ್ಮ ಮನೆಯ ಗಾಳಿಗೆ ಹೊಂದಿಕೊಳ್ಳಲಿ. ಕಾಗದ ಸುತ್ತಿದ ಹಾಗೇ, ವಾಸನೆಯಿಲ್ಲದ ಜಾಗದಲ್ಲಿ.

ಈಗ ಕೈಹಾಕಿ. ಚಾಕು ತಂದು ಕೇಕಿನ ಥರ ಕೊಯ್ಯಲು ಹೋದರೆ ಎಲೆ ಪುಡಿಯಾಗುತ್ತದೆ, ಪುಡಿಯಾದರೆ ಟೀ ಕಹಿಯಾಗುತ್ತದೆ. ಚೀನಾದಲ್ಲಿ ಇದಕ್ಕೆಂದೇ ಮೊಂಡು ಚಾಕು, ದಬ್ಬಣದಂಥ ಸೂಜಿ ಸಿಗುತ್ತವೆ. ನನ್ನ ಹತ್ತಿರ ಇರುವುದು ಸೂಜಿಯೇ. ಅದಿಲ್ಲದಿದ್ದರೆ ತೆಳ್ಳಗಿನ ಸ್ಕ್ರೂಡ್ರೈವರ್ ಚೆನ್ನಾಗಿ ತೊಳೆದು, ಒರೆಸಿ ಬಳಸಬಹುದು.

ಬಿಲ್ಲೆಯನ್ನು ತಟ್ಟೆಯ ಮೇಲೆ ಮಲಗಿಸಿ. ಸೂಜಿಯನ್ನು ಅಂಚಿನಿಂದ, ಪದರಕ್ಕೆ ಅಡ್ಡವಾಗದಂತೆ, ನೆಲಕ್ಕೆ ಸಮಾನಾಂತರವಾಗಿ ತೂರಿಸಿ. ಸ್ವಲ್ಪ ಮೀಟಿ. ಹಿಂದೆ ತೆಗೆದು, ಬೆರಳಷ್ಟು ಪಕ್ಕದಲ್ಲಿ ಮತ್ತೆ ತೂರಿಸಿ ಮೀಟಿ. ಎರಡು ಮೂರು ಸಲ ಹೀಗೆ ಮಾಡಿದರೆ ಹಲಸಿನ ತೊಳೆ ಬಿಡಿಸಿದಂತೆ ಒಂದು ಪದರ ಸಡಿಲವಾಗಿ ಎದ್ದು ಬರುತ್ತದೆ. ಸೂಜಿ ಹೋಗುವ ದಿಕ್ಕಿನಲ್ಲಿ ಇನ್ನೊಂದು ಕೈ ಇರಬಾರದು. ನನ್ನ ಎಡಗೈ ಹೆಬ್ಬೆರಳಿನಲ್ಲಿ ಇದರ ಗುರುತು ಇದೆ.

ಎಲೆಗಳ ನಡುವೆ ಒಂದು ಚಿಕ್ಕ ಕಾಗದದ ಚೂರು ಹುದುಗಿದ್ದರೆ ಗಾಬರಿಯಾಗಬೇಡಿ. ಅದು ಒತ್ತುವಾಗಲೇ ಸೇರಿಸಿದ ಕಾರ್ಖಾನೆಯ ಚೀಟಿ. ನಕಲಿ ಮಾಡುವುದು ಕಷ್ಟವಾಗಲಿ ಎಂದು ಇಡುತ್ತಾರೆ. ಅದನ್ನು ಹಾಗೇ ಬಿಡಿ. ಮೂರು ನಾಲ್ಕು ಸಲಕ್ಕೆ ಆಗುವಷ್ಟು ಒಟ್ಟಿಗೆ ಬಿಡಿಸಿ ಚಿಕ್ಕ ಡಬ್ಬಿಯಲ್ಲಿ ಇಟ್ಟರೆ ಪ್ರತಿ ದಿನ ಸೂಜಿ ಹಿಡಿಯುವುದು ತಪ್ಪುತ್ತದೆ. ಗಾಳಿ ಸೋಕಿದ ಆ ಚೂರುಗಳ ರುಚಿಯೂ ಒಂದು ವಾರದಲ್ಲಿ ಸ್ವಲ್ಪ ತೆರೆದುಕೊಳ್ಳುತ್ತದೆ.

ಪಾತ್ರೆ, ನೀರು

ಬೇಕಾಗಿರುವುದು ಬಹಳ ಕಡಿಮೆ. ಗೈವಾನ್ ಅಂದರೆ ಮುಚ್ಚಳ, ತಟ್ಟೆ ಇರುವ ಹಿಡಿಯಿಲ್ಲದ ಪಿಂಗಾಣಿ ಬಟ್ಟಲು. 100 ಮಿಲಿಲೀಟರ್‌ನದ್ದು ಸಾಕು. ಟೀಯನ್ನು ಬಗ್ಗಿಸಿಕೊಳ್ಳಲು ಒಂದು ಗಾಜಿನ ಜಗ್, ಕುಡಿಯಲು ಚಿಕ್ಕ ಕಪ್ಪುಗಳು. ಗೈವಾನ್ ಇಲ್ಲದಿದ್ದರೆ ಚಿಕ್ಕ ಪಿಂಗಾಣಿ ಟೀಪಾಟ್ ಆದೀತು. ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ಮಣ್ಣಿನ ಕೆಂಪು ಟೀಪಾಟ್ ಹಳೆ ಟೀಗೆ ಬಹಳ ಒಪ್ಪುತ್ತದೆ, ಆದರೆ ಅದು ಇನ್ನೊಂದು ಹುಚ್ಚು. ಸದ್ಯಕ್ಕೆ ಪಿಂಗಾಣಿಯೇ ಒಳ್ಳೆಯದು, ಟೀ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಅನುಕೂಲ. ಒತ್ತಿದ ಟೀಯನ್ನು ಕಣ್ಣಂದಾಜಿನಲ್ಲಿ ತೆಗೆದುಕೊಂಡರೆ ಯಾವಾಗಲೂ ಜಾಸ್ತಿಯೇ ಆಗುತ್ತದೆ.

ನೀರಿನ ವಿಷಯದಲ್ಲಿ ಹಠ ಮಾಡಿ. ಗಡಸು ಬೋರ್‌ವೆಲ್ ನೀರಿನಲ್ಲಿ ಈ ಟೀ ಮಂಕಾಗುತ್ತದೆ, ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಪೂರ್ತಿ ಆರ್‌ಓ ನೀರಿನಲ್ಲಿ ಸಪ್ಪೆ. ನಾನು ಕ್ಯಾನ್ ನೀರು, ಕಾವೇರಿ ನೀರು, ಎರಡೂ ಬೆರೆಸಿದ್ದು ಎಲ್ಲ ನೋಡಿದ್ದೇನೆ. ನಿಮ್ಮ ಊರಿನ ನೀರಿನಲ್ಲೂ ಒಂದು ದಿನ ಹೀಗೆ ಹೋಲಿಸಿ ನೋಡಿ, ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ. ಬಿಸಿ ಮಾತ್ರ ಪೂರ್ತಿ ಇರಲಿ, ಕುದಿಯುವ ನೀರೇ ಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಆರಿಸಿ ಹಾಕುವ ಪ್ರಶ್ನೆಯೇ ಇಲ್ಲ.

ಸುರಿಯುವುದು, ಬಗ್ಗಿಸುವುದು

ಈ ರೀತಿ ಟೀ ಮಾಡುವುದಕ್ಕೆ ಗೊಂಗ್‌ಫು ಅನ್ನುತ್ತಾರೆ. ಹೌದು, ಸಿನಿಮಾದ ಕುಂಗ್‌ಫು ಪದವೇ. ಕಷ್ಟಪಟ್ಟು ಕಲಿತ ಕೈಚಳಕ ಎಂದು ಅರ್ಥ. ಎಲೆ ಜಾಸ್ತಿ, ನೀರು ಕಡಿಮೆ, ಹೊತ್ತು ಬಹಳ ಕಡಿಮೆ, ಆದರೆ ಅದೇ ಎಲೆಗೆ ಹತ್ತು ಹನ್ನೆರಡು ಸಲ ನೀರು.

ಮೊದಲು ಖಾಲಿ ಗೈವಾನ್, ಜಗ್, ಕಪ್ಪುಗಳಿಗೆ ಕುದಿನೀರು ಹಾಕಿ ಬಿಸಿ ಮಾಡಿ ಚೆಲ್ಲಿ. ಬಿಸಿಯಾದ ಗೈವಾನ್‌ಗೆ 6 ಗ್ರಾಂ ಟೀ ಹಾಕಿ, ಮುಚ್ಚಳ ಮುಚ್ಚಿ, ಒಂದು ಸಲ ಮೆಲ್ಲಗೆ ಕುಲುಕಿ, ಮುಚ್ಚಳ ತೆಗೆದು ಮೂಸಿ ನೋಡಿ. ಒಣ ಎಲೆಯಲ್ಲಿ ಕಾಣದ ವಾಸನೆ ಈಗ ಏಳುತ್ತದೆ. ಹಳೆಯ ಪುಸ್ತಕ, ಒಣ ಕಟ್ಟಿಗೆ, ಖರ್ಜೂರ. ಮೀನಿನ ವಾಸನೆಯೋ ಒದ್ದೆ ಗೋಣಿಚೀಲದ ವಾಸನೆಯೋ ಬಂದರೆ ಅದನ್ನೂ ಗಮನಿಸಿ.

ಎಲೆ ಮುಳುಗುವಷ್ಟು ಕುದಿನೀರು ಸುರಿದು, ಐದಾರು ಸೆಕೆಂಡಿನಲ್ಲಿ ಪೂರ್ತಿ ಚೆಲ್ಲಿಬಿಡಿ. ಇದು ತೊಳೆಯುವ ನೀರು, ಕುಡಿಯುವುದಿಲ್ಲ. ಇಷ್ಟು ವರ್ಷದ ಧೂಳು ಹೋಗುತ್ತದೆ, ಒತ್ತಿದ ಎಲೆ ಸಡಿಲವಾಗಲು ಶುರುವಾಗುತ್ತದೆ. ತೇವದಲ್ಲಿ ಇಟ್ಟಿದ್ದ ಟೀ ಆದರೆ ಎರಡು ಸಲ ತೊಳೆಯಿರಿ. ಆಮೇಲೆ ಮುಚ್ಚಳ ಮುಚ್ಚಿ ಒಂದು ನಿಮಿಷ ಸುಮ್ನೆ ಬಿಡಿ. ಆ ಹಬೆಯಲ್ಲಿ ಗಟ್ಟಿ ಚೂರಿನ ಒಳಗಿನ ಎಲೆಗೂ ತೇವ ತಾಗುತ್ತದೆ. ಈ ಒಂದು ನಿಮಿಷ ಕಾಯದಿದ್ದರೆ ಮೊದಲ ಎರಡು ಸುತ್ತು ನೀರು ನೀರು, ಮೂರನೆಯದು ಒಮ್ಮೆಲೇ ಕಡುಕಹಿ.

ಈಗ ಮೊದಲ ಸುತ್ತು. ಗೈವಾನ್‌ನ ಅಂಚು ಹೊರಕ್ಕೆ ಬಾಗುವ ಜಾಗದವರೆಗೆ ಮಾತ್ರ ನೀರು. ಅದಕ್ಕಿಂತ ಮೇಲೆ ತುಂಬಿದರೆ ಬೆರಳು ಸುಡುತ್ತದೆ. ಹತ್ತು ಸೆಕೆಂಡು. ಹೆಬ್ಬೆರಳು ಮತ್ತು ಮಧ್ಯದ ಬೆರಳಿನಲ್ಲಿ ಅಂಚು ಹಿಡಿದು, ತೋರುಬೆರಳಿನಲ್ಲಿ ಮುಚ್ಚಳದ ಗುಂಡಿ ಒತ್ತಿ, ಮುಚ್ಚಳ ಸ್ವಲ್ಪ ಓರೆ ಮಾಡಿ, ಜಗ್ಗಿಗೆ ಪೂರ್ತಿ ಬಗ್ಗಿಸಿ. ಒಳಗೆ ಹನಿಯೂ ಉಳಿಯಬಾರದು. ಉಳಿದ ನೀರು ಎಲೆಯನ್ನು ಕುದಿಸುತ್ತಲೇ ಇರುತ್ತದೆ, ಮುಂದಿನ ಸುತ್ತು ಕೆಡುತ್ತದೆ. ಜಗ್ಗಿಗೆ ಚೀನಾದಲ್ಲಿ ಇಟ್ಟ ಹೆಸರೇ "ನ್ಯಾಯದ ಕಪ್ಪು". ಮೊದಲು ಅದಕ್ಕೆ ಬಗ್ಗಿಸಿ ಆಮೇಲೆ ಹಂಚಿದರೆ ಎಲ್ಲರಿಗೂ ಒಂದೇ ಖಡಕ್ ಸಿಗುತ್ತದೆ, ಪಂಕ್ತಿಭೇದ ಇಲ್ಲ.

ಎರಡು, ಮೂರನೆಯ ಸುತ್ತೂ ಹತ್ತು ಸೆಕೆಂಡೇ. ನಾಲ್ಕಕ್ಕೆ ಹದಿನೈದು, ಐದಕ್ಕೆ ಇಪ್ಪತ್ತು, ಆರಕ್ಕೆ ಅರ್ಧ ನಿಮಿಷ. ಎಂಟರ ಹೊತ್ತಿಗೆ ಒಂದು ನಿಮಿಷ ಬೇಕು. ಹತ್ತು ದಾಟಿದ ಮೇಲೆ ಎರಡು ಮೂರು ನಿಮಿಷ ಬಿಟ್ಟರೂ ಕಹಿಯಾಗುವುದಿಲ್ಲ. ಇದು ನನ್ನ ಬಾಯಿಯ ಲೆಕ್ಕ. ಕಹಿ ಅನ್ನಿಸಿದರೆ ಹೊತ್ತು ಕಡಿಮೆ ಮಾಡಿ, ನೀರಿನ ಬಿಸಿ ಕಡಿಮೆ ಮಾಡಬೇಡಿ. ಹಳೆ ಟೀಗೆ ಆರಿದ ನೀರು ಹಾಕಿದರೆ ಕಹಿಯ ಜೊತೆ ಪರಿಮಳವೂ ಹೋಗುತ್ತದೆ.

ಬಾಯಲ್ಲಿ ಏನಾಗುತ್ತದೆ

ಮೊದಲ ಗುಟುಕಿನಲ್ಲೇ ಅಬ್ಬಾ ಅನ್ನಿಸದಿದ್ದರೆ ಬೇಸರ ಬೇಡ. ಹಾಲು ಸಕ್ಕರೆಯ ಟೀಗೆ ಪಳಗಿದ ನಾಲಿಗೆಗೆ ಇದು ಮೊದಲು ಬರೀ ಬಿಸಿ ಕಷಾಯ. ಎರಡು ಮೂರು ಸುತ್ತು ಹೋಗಲಿ.

ಹುಡುಕಬೇಕಾದ್ದು ಟೀ ನುಂಗಿದ ಮೇಲೆ ಬರುತ್ತದೆ. ನೆಲ್ಲಿಕಾಯಿ ಕಚ್ಚಿ ತಿಂದು ನೀರು ಕುಡಿದಾಗ ಬಾಯಿ ಸಿಹಿಯಾಗುತ್ತದಲ್ಲ, ಅದೇ. ಚೊಗರು ಗಂಟಲ ಹತ್ತಿರ ಹೋಗಿ ತಿರುಗಿ ಸಿಹಿಯಾಗಿ ಬರುತ್ತದೆ. ಚೀನಾದವರು ಇದಕ್ಕೆ ಹುಯ್‌ಗಾನ್, ಮರಳಿ ಬರುವ ಸಿಹಿ ಅನ್ನುತ್ತಾರೆ. ನೆಲ್ಲಿಕಾಯಿ ತಿಂದು ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ಒಳ್ಳೆಯ ಹಳೆ ಟೀಯಲ್ಲಿ ಈ ಸಿಹಿ ಹತ್ತು ನಿಮಿಷ ಬಾಯಲ್ಲಿ ನಿಲ್ಲುತ್ತದೆ.

ಜೊತೆಗೆ ಟೀಯ ಮೈ ನೋಡಿ. ಹೊಸ ಹಸಿ ಟೀ ನಾಲಿಗೆಯ ಮೇಲೆ ಚುರುಕು, ಅಂಚಿನಲ್ಲಿ ಒರಟು. ಹಳೆಯದಾದಂತೆ ಗಂಜಿ ತಿಳಿಯ ಹಾಗೆ ದಪ್ಪ, ನುಣುಪು. ಒಂದೇ ಸಲ ಕೂತು ಕುಡಿಯುವಾಗ ಪರಿಮಳವೂ ಬದಲಾಗುತ್ತದೆ. ನನ್ನ ಹತ್ತಿರ ಈಗ ಇರುವ ಬಿಲ್ಲೆ ಎರಡನೇ ಸುತ್ತಿನಲ್ಲಿ ಹಳೇ ಮರದ ಪೆಟ್ಟಿಗೆ, ನಾಲ್ಕರಲ್ಲಿ ಕರ್ಪೂರದ ತಂಪು, ಏಳರ ನಂತರ ಬರೀ ಖರ್ಜೂರದ ಸಿಹಿನೀರು. ಐದನೆಯದು ನನಗೆ ಅತಿ ಇಷ್ಟ, ಯಾರಾದರೂ ಬಂದಾಗ ಅದನ್ನು ಹಂಚಲು ಸಣ್ಣ ಸಂಕಟವಾಗುತ್ತದೆ.

ಬೆನ್ನು ಬೆಚ್ಚಗಾಗುತ್ತದೆ, ಹಣೆ ಬೆವರುತ್ತದೆ, ಮನಸ್ಸು ತಿಳಿಯಾಗುತ್ತದೆ ಎಂದು ಪುಅರ್ ಭಕ್ತರು ಹೇಳುತ್ತಾರೆ. ಇದಕ್ಕೆ ಚಾ ಚೀ, ಟೀಯ ಪ್ರಾಣಶಕ್ತಿ ಎಂಬ ಹೆಸರೂ ಇದೆ. ಬೆವರು ನನಗೂ ಬಂದಿದೆ. ಮುಕ್ಕಾಲು ಲೀಟರ್ ಬಿಸಿನೀರು, ಅದರ ಜೊತೆ ಕೆಫೀನ್ ಒಳಗೆ ಹೋದರೆ ಬೆವರು ಬರದೇ ಇರುತ್ತಾ? ಹಳೆಯದಾದ ಮಾತ್ರಕ್ಕೆ ಕೆಫೀನ್ ಹೋಗಿಬಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ತಲೆ ಸುತ್ತಬಹುದು, ರಾತ್ರಿ ಕುಡಿದರೆ ನಿದ್ದೆ ಹೋಗಬಹುದು. ತಿಂಡಿ ತಿಂದು ಒಂದು ಗಂಟೆಯ ನಂತರ ಕೂರಿ. ಖಾರದ ಮಿಕ್ಸ್ಚರ್ ಬೇಡ, ನಾಲಿಗೆ ಸತ್ತುಹೋಗುತ್ತದೆ.

ಹತ್ತು ಹನ್ನೆರಡು ಸುತ್ತಿನ ಮೇಲೆ ಎಲೆ ಸುಸ್ತಾದಂತೆ ಕಂಡರೂ ಎಸೆಯಬೇಡಿ. ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಇನ್ನೊಂದು ಸಿಹಿ ಟೀ ಸಿಗುತ್ತದೆ. ಅಮ್ಮ ಒಪ್ಪಿಕೊಂಡಿರುವುದು ಇದೊಂದನ್ನೇ, ಅದೂ ಒಂದು ಚೂರು ಬೆಲ್ಲ ಕಚ್ಚಿಕೊಂಡು.

ಉಳಿದ ಬಿಲ್ಲೆ ಎಲ್ಲಿ ಇಡುವುದು

ಫ್ರಿಜ್ಜಿನಲ್ಲಿ ಅಲ್ಲ. ಅಡುಗೆಮನೆಯಲ್ಲಂತೂ ಅಲ್ಲವೇ ಅಲ್ಲ. ಈ ಟೀ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸಾರಿನ ಪುಡಿ, ಕಾಫಿಪುಡಿ, ಊದುಬತ್ತಿ ಎಲ್ಲವೂ ಶತ್ರುಗಳು. ರೇಷ್ಮೆ ಸೀರೆಯ ಬೀರುವಿನಲ್ಲಿ ಭದ್ರವಾಗಿರುತ್ತೆ ಎಂದು ನಾನು ಒಂದು ಬಿಲ್ಲೆ ಇಟ್ಟಿದ್ದೆ. ಅಲ್ಲಿದ್ದ ನುಸಿಗುಳಿಗೆಯ ವಾಸನೆ ಅದಕ್ಕೆ ಹತ್ತಿ ಇಡೀ ಬಿಲ್ಲೆ ಗಿಡದ ಬುಡಕ್ಕೆ ಹೋಯಿತು.

ಬಿಸಿಲು ಬೀಳದ ಕೋಣೆಯ ಕಪಾಟು, ಅದರಲ್ಲಿ ವಾಸನೆಯಿಲ್ಲದ ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂಲ ಕಾಗದದಲ್ಲೇ ಸುತ್ತಿದ ಬಿಲ್ಲೆ. ಹೊಳಪು ಹಚ್ಚದ ಮಣ್ಣಿನ ಮಡಕೆ ಇದ್ದರೆ ಇನ್ನೂ ಒಳ್ಳೆಯದು, ಆದರೆ ನೀರು ತುಂಬಿಸಿದ್ದ ಮಡಕೆ ಬೇಡ. ಗಾಳಿಯ ತೇವಾಂಶ 60ರಿಂದ 70 ಪ್ರತಿಶತ, ಬಿಸಿ 20ರಿಂದ 30 ಡಿಗ್ರಿ ಇದ್ದರೆ ಟೀ ಖುಷಿಯಾಗಿರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ವರ್ಷದ ಬಹುಪಾಲು ಇದಕ್ಕೆ ತೊಂದರೆಯಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿದಾಗ ಮಾಗುವುದು ನಿಧಾನವಾಗುತ್ತದೆ ಅಷ್ಟೇ, ಕೆಡುವುದಿಲ್ಲ. ಬಯಲುಸೀಮೆಯ ಬೇಸಿಗೆಗೂ ಇದೇ ಮಾತು.

ಕರಾವಳಿ, ಮಲೆನಾಡಿನವರು ಮಾತ್ರ ಹುಷಾರು. ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಟೀ ಬಿಡುತ್ತದೆಯೇ? ಜೂನ್ ಬರುವ ಮೊದಲೇ, ಗಾಳಿ ಒಣಗಿರುವಾಗ, ಬಿಲ್ಲೆಯನ್ನು ಜಿಪ್ ಚೀಲಕ್ಕೆ ಹಾಕಿ ಬಿಗಿಯಾದ ಡಬ್ಬದಲ್ಲಿ ಮುಚ್ಚಿಡಿ. ಮಳೆ ನಿಂತು ಬಿಸಿಲು ಬಂದ ಮೇಲೆ ತೆರೆಯಿರಿ. ಮೇಲೆ ಹಸಿರು, ಹಳದಿ ಅಥವಾ ಕಪ್ಪು ಬಣ್ಣದ ತುಪ್ಪಳದಂಥ ಬೂಷ್ಟು ಕಂಡರೆ ಕೆರೆದು ಕುಡಿಯುವ ಸಾಹಸ ಬೇಡ, ಎಷ್ಟೇ ಬೆಲೆ ಕೊಟ್ಟಿದ್ದರೂ ಎಸೆಯಿರಿ.

ಕಾಗದದ ಮೂಲೆಯಲ್ಲಿ ಪೆನ್ಸಿಲ್‌ನಿಂದ ಕೊಂಡ ತಾರೀಖು, ಅದು ಮೊದಲು ಇದ್ದ ಊರು ಬರೆದಿಡಿ. ಪೆನ್ ಬೇಡ, ಶಾಯಿಯ ವಾಸನೆ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಂದು, ದೀಪಾವಳಿಯ ಹೊತ್ತಿಗೆ ಒಂದು, ಅದೇ 6 ಗ್ರಾಂ, ಅದೇ ನೀರು ಹಾಕಿ ಕುಡಿದು, ಹೇಗಿತ್ತು ಎಂದು ಅದರ ಕೆಳಗೆ ಒಂದೊಂದು ಸಾಲು ಸೇರಿಸುತ್ತಾ ಹೋಗಿ.